ಮಂಗಳವಾರ ಹೊರಗಿಟ್ಟ ಮೂರು ಕೊಡ

ನವೆಂಬರ್ 11, ಮಂಗಳವಾರ. ಬೆಳಿಗ್ಗೆ 7 ಗಂಟೆ 50 ನಿಮಿಷಕ್ಕೆ ಠಾಣೆಯ ಮೆಟ್ಟಿಲು ಹತ್ತಿದವನ ಪ್ಯಾಂಟು ತೊಡೆಯವರೆಗೆ ತೊಯ್ದಿತ್ತು. ಹೊಸಪೇಟೆಗೆ ಮಳೆ ಬಂದು ಮೂರು ವಾರವಾಗಿದ್ದರಿಂದ ಪಹರೆಯ ಕಾನ್‌ಸ್ಟೇಬಲ್ ಅವನನ್ನು ಎರಡು ಸಲ ನೋಡಿದ. ಬಂದವನು ಲಿಂಗರಾಜ್, ಮೂರುನಳದ ಓಣಿಯ ಬಾಯಿಯಲ್ಲಿ ಎದ್ದು ನಿಂತಿರುವ ಕಿನ್ನರಿ ಸ್ಕ್ವೇರ್ ಕಟ್ಟಡದ ಸೈಟ್ ಮ್ಯಾನೇಜರ್. ಕುರ್ಚಿ ಒದ್ದೆಯಾಗುತ್ತದೆಂದು ಕೂರದೆ ನಿಂತೇ ದೂರು ಬರೆದುಕೊಟ್ಟ.

ಪಿಎಸ್‌ಐ ಗಂಗೋತ್ರಿ ದೂರನ್ನು ಓದಿದಳು. ಶುಕ್ರವಾರ, 14ರಂದು ಕಟ್ಟಡದ ಉದ್ಘಾಟನೆ. ಈ ದಿನ ಬೆಳಗಿನ ಐದೂವರೆಯಿಂದ ಆರರ ನಡುವೆ ಯಾರೋ ಬೇಕೆಂದೇ ಬೇಸ್‌ಮೆಂಟಿಗೆ ನೀರು ಹರಿಸಿದ್ದಾರೆ. ವಿದ್ಯುತ್ ಪ್ಯಾನೆಲ್, ಜನರೇಟರ್, ಬಟ್ಟೆ ಅಂಗಡಿಯವರು ತಂದಿಳಿಸಿದ್ದ ಬಂಡಲುಗಳು ಹಾಳಾಗಿವೆ. ಸಪ್ಪಳ ಕೇಳಿ ಇಳಿದ ವಾಚ್‌ಮನ್ ಪಂಪಣ್ಣ ಜಾರಿ ಬಿದ್ದು ಬಲಗಾಲು ಮುರಿದುಕೊಂಡಿದ್ದಾನೆ. ಕೊನೆಯ ಸಾಲು ಹೀಗಿತ್ತು: ಓಣಿಯ ಮಿರ್ಚಿ ಬಂಡಿಯ ಜಂಬಕ್ಕ ಎಂಬುವರ ಮೇಲೆ ಬಲವಾದ ಸಂಶಯವಿದೆ.

"ಆಕಿ ಮ್ಯಾಲ ಯಾಕ್ರಿ?"

"ಆಕಿನ ಹೇಳ್ಯಾಳ್ರಿ ಮೇಡಂ. ಹತ್ತು ದಿನದ ಹಿಂದ, ಬಂಡಿ ಸರಿಸು ಅಂದಿದ್ದಕ್ಕ ಮೂವತ್ತು ಮಂದಿ ಮುಂದ ನಿಂತು, ನಿಮ್ಮ ಮಾಳಿಗಿ ನೀರಾಗ ಮುಳುಗ್ಲಿ ಅಂತ ಮಣ್ಣು ತೂರಿದ್ಲು."

"ಶಾಪ ಹಾಕಿದ್ದಕ್ಕ ಎಫ್‌ಐಆರ್ ಮಾಡಾಕ ಬರಂಗಿಲ್ಲ."

"ಶಾಪಕ್ಕಲ್ರಿ. ಮುಳುಗೈತಲ್ರಿ, ಅದಕ್ಕ."

8 ಗಂಟೆ 30ಕ್ಕೆ ಪ್ರಕರಣ ದಾಖಲಾಯಿತು. ಆಸ್ತಿಗೆ ಹಾನಿ, ಜೀವಕ್ಕೆ ಅಪಾಯ ತರುವಂಥ ಕೃತ್ಯ. ಆರೋಪಿಯ ಹೆಸರು ಬರೆಯುವಲ್ಲಿ ಗಂಗೋತ್ರಿ 'ಅಪರಿಚಿತರು' ಎಂದು ಬರೆಸಿದಳು. ಲಿಂಗರಾಜನ ಮುಖ ಸಣ್ಣದಾಯಿತು.

ಹೆಡ್ ಕಾನ್‌ಸ್ಟೇಬಲ್ ಹೊನ್ನೂರುಸ್ವಾಮಿಯ ಜೊತೆ ಅವಳು ಸ್ಥಳಕ್ಕೆ ಹೋದಾಗ ಅರ್ಧ ಓಣಿ ಹೊರಗೆ ನಿಂತಿತ್ತು. ಕಿನ್ನರಿ ಸ್ಕ್ವೇರ್ ಆ ಓಣಿಗೆ ಹೊಂದುವ ಕಟ್ಟಡವಲ್ಲ. ಕೆಳಗಿನ ಎರಡು ಅಂತಸ್ತು ಅಂಗಡಿಗಳಿಗೆ, ಮೂರನೆಯದು ಬ್ಯಾಂಕು ಆಫೀಸುಗಳಿಗೆ, ಅದರ ಮೇಲಿನ ನಾಲ್ಕು ಅಂತಸ್ತುಗಳಲ್ಲಿ ಮನೆಗಳು. ಹಂಚಿನ ಮನೆ, ತಗಡಿನ ಶೆಡ್ಡುಗಳ ನಡುವೆ ಮೇಜುವಾನಿಯ ಪಂಕ್ತಿಯಲ್ಲಿ ಆನೆ ಬಂದು ಕುಳಿತ ಹಾಗೆ ಅದು ಕುಳಿತಿತ್ತು. ಹೊನ್ನೂರುಸ್ವಾಮಿ ಅವರಿವರನ್ನು ಕೇಳಿ ಬರೆದುಕೊಂಡದ್ದರಲ್ಲಿ ಯಾವ ಎರಡು ಹೇಳಿಕೆಗಳೂ ಒಂದೇ ತೆರನಾಗಿರಲಿಲ್ಲ. ಟೇಲರ್ ಪಕ್ಕೀರಪ್ಪನಿಗೆ ಅಲ್ಲೊಂದು ಮಳಿಗೆ ಸಿಕ್ಕಿದೆ, ಅವನ ಪಾಲಿಗೆ ಅದು ಅರಮನೆ. ಕಾಲೇಜಿನ ಹುಡುಗಿಯರು ಲಿಫ್ಟು ಯಾವಾಗ ಶುರುವೆಂದು ಪೊಲೀಸರನ್ನೇ ಕೇಳಿದರು. ಎದುರುಮನೆಯ ಗಾಳೆಮ್ಮನ ಮಾಳಿಗೆಗೆ ಹತ್ತು ಗಂಟೆಯ ನಂತರವೇ ಬಿಸಿಲು ಬರುತ್ತದಂತೆ; ಹಪ್ಪಳ ಒಣಗಿಸಲು ಆಕೆ ಈಗ ತಂಗಿಯ ಮನೆಗೆ ಹೋಗುತ್ತಾಳೆ.

ಎಲ್ಲರೂ ಒಪ್ಪಿದ ಮಾತು ಒಂದೇ. ಜಂಬಕ್ಕನ ಬಾಯಿ ಸುಳ್ಳಾಗಲಿಲ್ಲ.

ಬೇಸ್‌ಮೆಂಟಿನಲ್ಲಿ ಸೊಂಟದವರೆಗೆ ನೀರಿತ್ತು. ಹಿಂಗೋಡೆಯಲ್ಲಿ, ನೆಲದಿಂದ ನಾಲ್ಕು ಅಡಿ ಮೇಲೆ, ಒಂದು ಹಳೆಯ ಕಬ್ಬಿಣದ ಪೈಪಿನ ಬಾಯಿ ತೆರೆದುಕೊಂಡಿತ್ತು. ಅದಕ್ಕೆ ಬಡಿದಿದ್ದ ಮುಚ್ಚಳವೂ ಮೆತ್ತಿದ್ದ ಸಿಮೆಂಟೂ ಕೆಳಗೆ ಕಳಚಿ ಬಿದ್ದಿದ್ದವು. ನಗರಸಭೆಯ ಕಿರಿಯ ಎಂಜಿನಿಯರ್ ಹಾಲೇಶ್ ಮೊಬೈಲಿನಲ್ಲಿ ನಕ್ಷೆ ತೆರೆದು ಎರಡು ಬೆರಳಿನಿಂದ ದೊಡ್ಡದು ಮಾಡಿ ನೋಡಿದ.

"ಈ ಲೈನ್ ನಕ್ಷಾದಾಗ ಇಲ್ರಿ ಮೇಡಂ."

"ಗ್ವಾಡ್ಯಾಗ ಐತಲ್ರಿ."

ಅದು ಹಿಂದೆ ಓಣಿಯ ಮೂರು ಬೀದಿನಳಗಳಿಗೆ ನೀರು ತರುತ್ತಿದ್ದ ಪೈಪು. ಆಗಸ್ಟಿನಲ್ಲಿ ಮನೆಮನೆಗೆ ಇಪ್ಪತ್ತನಾಲ್ಕು ಗಂಟೆ ನೀರಿನ ಹೊಸ ಲೈನು ಬಂದಾಗ ನಳಗಳನ್ನು ಕಿತ್ತು, ನಳದ ಕಟ್ಟೆ ಒಡೆದು, ಕಟ್ಟಡದವರ ಖರ್ಚಿನಲ್ಲಿ ಗ್ರಾನೈಟಿನ ಪಾದಚಾರಿ ದಾರಿ ಹಾಸಿದ್ದರು. ಪೈಪನ್ನು ಬೇಸ್‌ಮೆಂಟಿನ ಹತ್ತಿರ ಕತ್ತರಿಸಿ ಮುಚ್ಚಳ ಬಡಿದದ್ದು ಆಗಲೇ. ಎಲ್ಲೋ ಒಂದು ಕಡೆ ಅದರ ವಾಲ್ವ್ ಇದೆ, ಅದನ್ನು ಈ ಬೆಳಿಗ್ಗೆ ಯಾರೋ ತೆರೆದಿದ್ದಾರೆ. ಎಲ್ಲಿದೆ ಎಂಬುದು ಹಾಲೇಶನಿಗೂ ಗೊತ್ತಿಲ್ಲ. ಬೇರೆ ದಾರಿ ಕಾಣದೆ ದೊಡ್ಡ ಲೈನನ್ನೇ ಬಂದ್ ಮಾಡಿಸಿದ್ದ. ಸುತ್ತಲಿನ ಮೂರು ಓಣಿಗಳಿಗೆ ನೀರು ನಿಂತಿತ್ತು. ಕ್ಯಾಮೆರಾಗಳ ದೃಶ್ಯ ಕೂಡಿಡುವ ಪೆಟ್ಟಿಗೆ ಪ್ಯಾನೆಲ್ಲಿನ ಪಕ್ಕದಲ್ಲೇ ಇದ್ದು ನೀರು ಕುಡಿದಿತ್ತು.

ಹನ್ನೊಂದೂವರೆಗೆ ಪಂಚನಾಮೆ ಮುಗಿಯಿತು. ಕಾನ್‌ಸ್ಟೇಬಲ್ ಒಳಗೂ ಹೊರಗೂ ಸೇರಿ ಅರವತ್ತೆರಡು ಫೋಟೊ ತೆಗೆದ.

ವಾಲ್ವ್ ಸಿಕ್ಕಿದ್ದು ಬುಧವಾರ ಬೆಳಿಗ್ಗೆ, ಸಿಗಬಾರದ ಜಾಗದಲ್ಲಿ. ಕಟ್ಟಡದ ಮೂಲೆಯಲ್ಲಿ ಡಾಂಬರಿನ ಒಂದು ಚೌಕದ ಅಂಚು ಹೊಸದಾಗಿ ಎದ್ದಿರುವುದನ್ನು ಹೊನ್ನೂರುಸ್ವಾಮಿ ಕಂಡ. ಎಬ್ಬಿಸಿದರೆ ಕೆಳಗೆ ಕಬ್ಬಿಣದ ಮುಚ್ಚಳ, ಅದರಡಿ ಗುಂಡಿ, ಗುಂಡಿಯ ತಳದಲ್ಲಿ ವಾಲ್ವು. ಆ ಚೌಕದ ಮೇಲೆ ದಿನವೂ ನಿಲ್ಲುತ್ತಿದ್ದದ್ದು ಜಂಬಕ್ಕನ ಬಂಡಿ. ಹಾಲೇಶನ ಆಳುಗಳು ಉದ್ದನೆಯ ಚಾವಿ ಇಳಿಸಿ ಬಲಕ್ಕೆ ತಿರುವಿ ಬಿಗಿ ಮಾಡಿದರು. ದೊಡ್ಡ ಲೈನು ಬಿಟ್ಟ ಹತ್ತೇ ನಿಮಿಷಕ್ಕೆ ಬೇಸ್‌ಮೆಂಟಿನ ಗೋಡೆ ಮತ್ತೆ ಉಕ್ಕಿತು. ಪುನಃ ಎಲ್ಲ ಬಂದ್. ಓಣಿಗೆ ಟ್ಯಾಂಕರ್ ಬಂತು.

ಮಧ್ಯಾಹ್ನ ಸರ್ಕಲ್ ಸಾಹೇಬರು ಫೋನ್ ಮಾಡಿದರು. ಶುಕ್ರವಾರ ದೊಡ್ಡವರು ಬರುತ್ತಾರೆ, ಅದರೊಳಗೆ ಆರೋಪಿ ಬೇಕು. ಬಂಡಿಯ ಕೆಳಗೇ ವಾಲ್ವು ಸಿಕ್ಕಮೇಲೆ ಇನ್ನೇನು ತಡ ಎಂದು ಕೇಳಿದರು.

ಗಂಗೋತ್ರಿ ನಗರಸಭೆಯ ಬಂಡಿಗಳ ಪಟ್ಟಿ ತೆಗೆದು ನೋಡಿದಳು. ಕಟ್ಟಡದವರು ತಮ್ಮ ಪಕ್ಕದ ಗೋಡೆಗುಂಟ ಏಳು ಬಂಡಿಗಳಿಗೆ ಜಾಗ ಬಿಡಲು ನಗರಸಭೆಯ ಮುಂದೆ ಒಪ್ಪಿದ್ದರು. ಪಟ್ಟಿಯಲ್ಲಿ ಆರನೆಯ ಹೆಸರು ಜಂಬಕ್ಕನದು. ಇಪ್ಪತ್ತೆರಡು ವರ್ಷದಿಂದ ಅದೇ ಮೂಲೆಯಲ್ಲಿ ಬೆಳಿಗ್ಗೆ ಒಗ್ಗರಣೆ ಮಂಡಕ್ಕಿ, ಸಂಜೆ ಮಿರ್ಚಿ ಮಾಡಿ ಬದುಕಿದವಳು. ಎಫ್‌ಐಆರಿನಲ್ಲಿ ಹೆಸರು ಸೇರಿದರೆ ಪಟ್ಟಿಯಿಂದ ಹೆಸರು ಹೋಗುತ್ತದೆ. ಅದು ಆಕೆಗೂ ಗೊತ್ತಿತ್ತು.

ಸಂಜೆ ನಾಲ್ಕಕ್ಕೆ ಗಂಗೋತ್ರಿ ಹೋದಾಗ ಬಂಡಿ ಹತ್ತು ಹೆಜ್ಜೆ ಆಚೆಗೆ ಸರಿದಿತ್ತು. ಎಣ್ಣೆ ಕಾದಿತ್ತು, ಹಿಟ್ಟು ಕಲಸಿತ್ತು, ಕೊಳ್ಳುವವರು ಇರಲಿಲ್ಲ. ಈ ಹೊತ್ತಿಗೆ ಕೈ ಚಾಚಲು ಜಾಗವಿಲ್ಲದ ಕಡೆ ಇಂದು ಸೈಕಲ್ ಹಿಡಿದ ಒಬ್ಬನೇ ಗಂಡಸು ನಿಂತು ಕಾಗದದ ಚೂರಿನಲ್ಲಿ ಮಿರ್ಚಿ ತಿನ್ನುತ್ತಿದ್ದ. ಮಿಕ್ಕವರು ಆಚೆಯ ಬದಿಯಿಂದ ಹಾದುಹೋಗುತ್ತಿದ್ದರು.

"ಮುಚ್ಚಳ ಎಬ್ಬಿಸಿದ್ದು ನಿಮಗ ಕಾಣಲಿಲ್ಲೇನು?"

"ಮಂಗಳವಾರ ನಾ ಬಂಡಿ ತಂದಾಗ ಆರೂವರಿ. ಅಷ್ಟೊತ್ತಿಗಾಗಲೇ ಇಲ್ಲಿ ಮಂದಿ ಜಾತ್ರಿ. ನೆಲಾ ಯಾರು ನೋಡ್ತಾರ?"

"ಶಾಪ ಹಾಕಿದ್ದು ಖರೆ ಹೌದಿಲ್ಲೋ?"

"ಹಾಕೀನಿ. ಇಲ್ಲ ಅನ್ನಂಗಿಲ್ಲ." ಜಂಬಕ್ಕ ಜಾಲರಿಯನ್ನು ಬಾಣಲೆಯ ಅಂಚಿಗೆ ಬಡಿದಳು. "ನನ್ನ ಬಾಯಿಗೆ ಅಷ್ಟು ಬಲ ಇದ್ದಿದ್ರ ಎಣ್ಣಿ ರೇಟು ಎಂದೋ ಇಳೀತಿತ್ತು ಮೇಡಂ. ಹುಟ್ಟಿದಾಗಿಂದ ನೋಡಿದ ಮಂದಿ ಈಗ ನನ್ನ ಕಂಡ್ರ ಹುಡುಗರನ್ನ ಒಳಗ ಎಳ್ಕೊಂತಾರ. ನಿಮ್ಮ ಜೈಲಿಗಿಂತ ಅದು ಜಾಸ್ತಿ ಆಗೇತಿ."

ಸೈಕಲ್ಲಿನ ಗಂಡಸು ಗಂಟಲು ಸರಿಮಾಡಿಕೊಂಡ. ಐವತ್ತೈದರ ಆಸುಪಾಸು, ತೆಳ್ಳನೆಯ ಆಳು, ಅಂಗೈಗಳು ಮಾತ್ರ ಬೇರೆ ಯಾರದೋ ದೊಡ್ಡ ದೇಹದಿಂದ ತಂದು ಜೋಡಿಸಿದಂತೆ ಅಗಲ.

"ನೀರು ಎಲ್ಲಿಂದ ಬಂತಂತ ಗೊತ್ತಾತೇನ್ರಿ ಮೇಡಂ?"

"ನೋಡಾಕ ಹತ್ತೇವಿ."

"ಗೊತ್ತಿದ್ದೋರನ್ನ ಕೇಳಿದ್ರ ಹೇಳ್ತಾರ್ರಿ."

ಅಷ್ಟರಲ್ಲಿ ಮತ್ತೆ ಸಾಹೇಬರ ಫೋನು. ಗಂಗೋತ್ರಿ ನಾಲ್ಕು ಹೆಜ್ಜೆ ಆಚೆ ಹೋಗಿ ಮಾತಾಡಿ ತಿರುಗುವಷ್ಟರಲ್ಲಿ ಸೈಕಲ್ಲು ಹೊರಟುಹೋಗಿತ್ತು. ಬಂಡಿಯ ಮೇಲೆ ಎಣ್ಣೆ ಅಂಟಿದ ನೂರರ ನೋಟು ಇತ್ತು. "ಇಪ್ಪತ್ತು ರೂಪಾಯಿದು ತಿಂದು ಚಿಲ್ಲರಿ ಇಸ್ಕೊಳ್ದ ಹ್ವಾದ" ಎಂದು ಜಂಬಕ್ಕ ನೋಟನ್ನು ದಿಟ್ಟಿಸುತ್ತ ನಿಂತಳು.

ಕ್ವಾರ್ಟರ್ಸಿನಲ್ಲಿ ಗಂಗೋತ್ರಿ ಒಬ್ಬಳೇ ಇರುತ್ತಿದ್ದಳು. ದೋಣಿಮಲೈಯ ಕಂಪನಿ ಮನೆಗಳಲ್ಲಿ, ಗಣಿಯ ಸೈರನ್ನು ಕೇಳುತ್ತ ಅಜ್ಜಿಯ ಮಗ್ಗುಲಲ್ಲಿ ಬೆಳೆದವಳಿಗೆ ಈ ಮನೆಯ ನಿಶ್ಶಬ್ದ ಎರಡು ವರ್ಷವಾದರೂ ಒಗ್ಗಿರಲಿಲ್ಲ. ಆ ಸಂಜೆ ಅವಳು ಪಂಚನಾಮೆಯ ಅರವತ್ತೆರಡು ಫೋಟೊಗಳನ್ನು ಒಂದೊಂದಾಗಿ ನೋಡಿದಳು. ನಲವತ್ತೇಳನೆಯದು ಕಟ್ಟಡದ ಹೊರಗಿನದು: ಗ್ರಾನೈಟಿನ ಪಾದಚಾರಿ ದಾರಿ, ಬೆಳ್ಳಿಬಣ್ಣ ಬಳಿದ ಹಳೆಯ ಲೈಟಿನ ಕಂಬ, ಗುಂಪುಗೂಡಿದ ಜನರ ಕಾಲುಗಳು. ಕಾಲುಗಳ ಸಂದಿನಲ್ಲಿ, ಕಂಬದ ಬುಡಕ್ಕೆ ಸಾಲಾಗಿ ಮೂರು ಕೊಡ. ಒಂದು ತಾಮ್ರದ್ದು, ಒಂದು ಸ್ಟೀಲಿನದು, ಒಂದು ನೀಲಿ ಪ್ಲಾಸ್ಟಿಕ್ಕಿನದು.

ಅವಳು ಚಿತ್ರವನ್ನು ದೊಡ್ಡದು ಮಾಡಿದಳು. ಮೂರೂ ಖಾಲಿ. ಫೋಟೊದ ಸಮಯ 9 ಗಂಟೆ 12 ನಿಮಿಷ. ಟ್ಯಾಂಕರ್ ಬಂದದ್ದು ಮಾರನೆಯ ದಿನ. ಮಂಗಳವಾರ ಬೆಳಿಗ್ಗೆ ಮನೆಯೊಳಗಿನ ನಳದಲ್ಲಿ ನೀರು ಇದ್ದೇ ಇತ್ತು, ಏಳರ ನಂತರವಷ್ಟೇ ನಿಂತದ್ದು. ಹಾಗಿರುವಾಗ ಮೂವರು ಹೆಂಗಸರು ನಳವೇ ಇಲ್ಲದ ಜಾಗಕ್ಕೆ ಕೊಡ ತಂದಿಟ್ಟದ್ದೇಕೆ?

ಗುರುವಾರ ಬೆಳಿಗ್ಗೆ ಏಳಕ್ಕೆ ಅವಳು ಗಾಳೆಮ್ಮನ ಕಟ್ಟೆಯ ಮೇಲೆ ಕುಳಿತಳು. ಒಳಗಡೆ ಬೋರಲು ಹಾಕಿದ ತಾಮ್ರದ ಕೊಡ ಕಾಣುತ್ತಿತ್ತು. ಗಾಳೆಮ್ಮ ಮೊದಲು ಹಪ್ಪಳದ ಮಾತಾಡಿದಳು, ಆಮೇಲೆ ಮೊಣಕಾಲಿನದು. ಕೊಡದ ಮಾತು ಬಂದಾಗ ಸೆರಗಿನ ತುದಿ ಬಾಯಿಗೆ ಹೋಯಿತು.

"ನಗಬ್ಯಾಡ ಯವ್ವಾ. ಅದು ಕನಸು."

"ಎಂಥಾ ಕನಸು?"

"ನಳಾ ಇದ್ದಾಗ ನೀರು ಬಿಡೋಕಿಂತ ಮುಂಚೆ ಕಂಬಾ ಬಡೀತಿದ್ದ. ಠಣ್ ಠಣ್ ಠಣ್, ಮೂರು ಸಲ. ಆ ಸಪ್ಪಳ ಕಿವಿಗೆ ಬಿದ್ರ ಸಾಕು, ಕಣ್ಣು ಮುಚ್ಚೇ ಇರ್ತಿತ್ತು, ಕೊಡಾ ಮಾತ್ರ ಕೈಯಾಗ ಬರ್ತಿತ್ತು. ಮಂಗಳವಾರ ನಸುಕಿನ್ಯಾಗ ಹಂಗ ಆತು. ಎದ್ದು ಹೋಗಿ ಇಟ್ಟುಬಂದೀನಿ. ಬಂದು ಮಕ್ಕೊಂಡ ಮ್ಯಾಲ ನೆನಪಾತು, ಈಗ ನಳಾನ ಇಲ್ಲಲ್ಲ ಅಂತ. ವಯಸ್ಸಾತು, ತಲಿ ಕೆಟ್ಟೈತಿ ಅಂತ ಸೊಸೀಗೂ ಹೇಳಿಲ್ಲ."

"ಉಳಿದ ಎರಡು ಕೊಡಾ?"

"ಸ್ಟೀಲಿಂದು ಹಂಪಮ್ಮಂದು. ಆಕೀನ ನಾ ಕೇಳಿಲ್ಲ, ನನ್ನ ಆಕಿ ಕೇಳಿಲ್ಲ."

ಹಂಪಮ್ಮನನ್ನು ಗಂಗೋತ್ರಿ ಕೇಳಿದಳು. ಪ್ಲಾಸ್ಟಿಕ್ ಕೊಡದ ರೇಣುಕಮ್ಮನನ್ನೂ ಕೇಳಿದಳು. ಮೂವರೂ ಬೇರೆ ಬೇರೆಯಾಗಿ ಅದೇ ಸಪ್ಪಳ ಕೇಳಿದ್ದರು, ಮೂವರೂ ಅದನ್ನು ಕನಸೆಂದು ತಿಳಿದು ನಾಚಿಕೊಂಡಿದ್ದರು. ಮೂವರು ಒಂದೇ ಬೆಳಿಗ್ಗೆ ಒಂದೇ ಕನಸು ಕಾಣುವುದು ಅಜ್ಜಿಯ ಕತೆಯಲ್ಲಿ ಆಗುತ್ತಿತ್ತು, ಕೇಸ್ ಡೈರಿಯಲ್ಲಿ ಆಗುವುದಿಲ್ಲ. ಹೊನ್ನೂರುಸ್ವಾಮಿ ಕಂಬದ ಹತ್ತಿರ ಬಗ್ಗಿ ನೋಡಿ ಕರೆದ. ಎದೆಯೆತ್ತರದಲ್ಲಿ ಹೊಸ ಬೆಳ್ಳಿಬಣ್ಣ ಮೂರು ಕಡೆ ಚಕ್ಕೆ ಎದ್ದು, ಒಳಗಿನ ಕಬ್ಬಿಣ ಹೊಳೆಯುತ್ತಿತ್ತು. ಅದರ ಅಡಿಯಲ್ಲಿ ಬಣ್ಣದ ಒಳಗೇ ಹುದುಗಿದ್ದ ನೂರಾರು ಹಳೆಯ ಗುಳಿಗಳು ಬೆರಳಿಗೆ ತಾಗುತ್ತಿದ್ದವು.

"ಕಂಬಾ ಬಡೀತಿದ್ದೋರು ಯಾರು?"

"ಉಚ್ಚೆಂಗಪ್ಪ," ಎಂದಳು ಗಾಳೆಮ್ಮ. "ನೀರು ಬಿಡೋ ಉಚ್ಚೆಂಗಪ್ಪ. ಈಗ ಎಲ್ಲಿ ಅದಾನೋ, ನೋಡೇ ಇಲ್ಲ ನಾ."

ಹಾಲೇಶ್ ನೆನಪಿಸಿಕೊಂಡು ಹೇಳಿದ. ಇಪ್ಪತ್ತಾರು ವರ್ಷ ಗುತ್ತಿಗೆಯ ಮೇಲೆ ಹನ್ನೊಂದು ಓಣಿಗಳಿಗೆ ಸರದಿಯ ಪ್ರಕಾರ ವಾಲ್ವು ತಿರುವಿ ನೀರು ಬಿಡುತ್ತಿದ್ದ ಆಳು. ಈ ಓಣಿಯ ಸರದಿ ಮಂಗಳವಾರ, ಶುಕ್ರವಾರ, ಬೆಳಿಗ್ಗೆ ಐದೂವರೆ. ಆಗಸ್ಟ್ 16ರಿಂದ ಎಲ್ಲ ತಾನೇ ತೆರೆದು ತಾನೇ ಮುಚ್ಚುವ ವಾಲ್ವುಗಳಾದವು. ಕೆಲಸದಿಂದ ತೆಗೆದಿಲ್ಲ, ಕಡ್ಡಿರಾಂಪುರದಾಚೆಯ ಗುಡ್ಡದ ಮೇಲಿನ ಟ್ಯಾಂಕಿಗೆ ಕಾವಲಿಗೆ ಹಾಕಿದ್ದಾರೆ, ಸಂಬಳ ಅಷ್ಟೇ ಇದೆ.

"ಮಂಗಳವಾರನ ಅವರನ್ನ ಕರೆಸಿ ಕೇಳಬೇಕಿತ್ತಲ್ರಿ."

"ಹೊಳೀಲಿಲ್ರಿ ಮೇಡಂ. ಅವರ ನಂಬರೂ ನನ್ನ ಹತ್ರ ಇಲ್ಲ."

ನಂಬರು ಓಣಿಯ ಎಲ್ಲ ಹೆಂಗಸರ ಫೋನಿನಲ್ಲಿ ಇತ್ತು. ಅದರ ಕರೆಗಳ ವಿವರ ಕೇಳಿ ಗಂಗೋತ್ರಿ ಎಸ್‌ಪಿ ಕಚೇರಿಗೆ ಪತ್ರ ಕಳಿಸಿದಳು. ಮಧ್ಯಾಹ್ನ ಒಂದಕ್ಕೆ ಹಾಳೆಗಳು ಬಂದವು. ಮಂಗಳವಾರ 5 ಗಂಟೆ 20ರಿಂದ 5 ಗಂಟೆ 55ರವರೆಗೆ ಆ ಫೋನು ಮೂರುನಳದ ಓಣಿಯ ಟವರಿನ ಕೆಳಗೆ ಇತ್ತು. ತನಿಖೆಗೆ ಅಷ್ಟು ಸಾಕಿತ್ತು. ಆದರೆ ಗಂಗೋತ್ರಿ ಹಿಂದಿನ ಹಾಳೆಗಳನ್ನೂ ತಿರುವಿದಳು. ಜೂನ್, ಜುಲೈ ತಿಂಗಳಿನ ಹಾಳೆಗಳಲ್ಲಿ ಸಾಲಿಗೆ ಸಾಲು ಅಂಟಿಕೊಂಡಿತ್ತು, ದಿನಕ್ಕೆ ಐವತ್ತು, ಅರವತ್ತು ಕರೆಗಳು, ಒಂದೊಂದೂ ಹತ್ತು ಹದಿನೈದು ಸೆಕೆಂಡು. ನೀರು ಯಾವಾಗ, ನೀರು ಯಾಕಿಲ್ಲ, ಮನೆಯಲ್ಲಿ ಮದುವೆಯಿದೆ ಇನ್ನರ್ಧ ಗಂಟೆ ಬಿಡು. ಆಗಸ್ಟ್ 16ರಂದು ಎರಡೇ ಕರೆ. 17ಕ್ಕೆ ಒಂದು. ಸೆಪ್ಟೆಂಬರ್ ತಿಂಗಳಿಡೀ ಒಂದು ಹಾಳೆಯ ಅರ್ಧವನ್ನೂ ತುಂಬಿರಲಿಲ್ಲ, ಅದರಲ್ಲೂ ಕಂಪನಿಯವರ ಜಾಹೀರಾತಿನ ಕರೆಗಳೇ. ಅಕ್ಟೋಬರ್ ಹಾಳೆ ಬೆಳ್ಳಗಿತ್ತು.

ಹೊನ್ನೂರುಸ್ವಾಮಿ ಭುಜದ ಮೇಲಿಂದ ನೋಡಿ, "ಫೋನ್ ಕೆಟ್ಟಿತ್ತೇನ್ರಿ ಮೇಡಂ?" ಎಂದ.

"ಇಲ್ಲ, ಚಲೋ ಐತಿ," ಎಂದಳು ಗಂಗೋತ್ರಿ.

ಜೀಪು ಕಡ್ಡಿರಾಂಪುರ ದಾಟಿ ಬಂಡೆಗಳ ನಡುವಿನ ಕಚ್ಚಾರಸ್ತೆ ಹಿಡಿದಾಗ ಅವಳಿಗೆ ಅಜ್ಜಿ ಹೇಳುತ್ತಿದ್ದ ಗಂಟೆಯ ಕಾವಲುಗಾರನ ಕತೆ ನೆನಪಾಯಿತು. ಊರಿಗೆ ಊರೇ ಗುಳೆ ಎದ್ದು ಹೋದರೂ ಅವನೊಬ್ಬ ಕೋಟೆಯ ಮೇಲೆ ನಿಂತು ಜಾವ ಜಾವಕ್ಕೆ ಗಂಟೆ ಹೊಡೆಯುತ್ತಲೇ ಇದ್ದ. ಯಾರೂ ಇಲ್ಲದ ಊರಲ್ಲಿ ಯಾಕೆ ಹೊಡೆದ ಅಜ್ಜಿ ಎಂದು ಇವಳು ಕೇಳುತ್ತಿದ್ದಳು. ಅಜ್ಜಿ ದಿನಕ್ಕೊಂದು ಉತ್ತರ ಹೇಳುತ್ತಿದ್ದಳು. ಒಂದು ದಿನ ಹೇಳಿದ್ದು: ಯಾರರ ಬಂದು ಸಾಕು ಸುಮ್ಮನಿರೋ ಅನ್ಲಿ ಅಂತ.

ಗುರುವಾರ, 13ರ ಸಂಜೆ 4 ಗಂಟೆ 20 ನಿಮಿಷ. ಟ್ಯಾಂಕಿನ ಬುಡದಲ್ಲಿ ಒಂದು ಕೋಣೆ, ಗೋಡೆಯಲ್ಲಿ ಹಸಿರು ಅಂಕಿಗಳು ಓಡುವ ಒಂದು ಪರದೆ, ಎದುರಿಗೆ ಒಂದು ಸ್ಟೂಲು. ಸ್ಟೂಲಿನ ಮೇಲೆ ಕುಳಿತವನು ಎದ್ದ. ಮಿರ್ಚಿ ಬಂಡಿಯ ಹತ್ತಿರ ಕಂಡ ಅಗಲ ಅಂಗೈಗಳನ್ನು ಗಂಗೋತ್ರಿ ಗುರುತಿಸಿದಳು. ಕಿಟಕಿಯ ಮೇಲೆ, ಸಿಗ್ನಲ್ ಸಿಗುವ ಒಂದೇ ಜಾಗದಲ್ಲಿ, ಚಾರ್ಜರಿಗೆ ಸಿಕ್ಕಿಸಿದ ಫೋನು ಇತ್ತು.

"ಬರ್ರಿ ಮೇಡಂ. ಕುಂದ್ರಾಕ ಇದ ಒಂದೈತಿ" ಎಂದು ಸ್ಟೂಲು ಸರಿಸಿದ.

"ಚಾವಿ ಎಲ್ಲೈತಿ ಉಚ್ಚೆಂಗಪ್ಪ? ನಗರಸಭಾದ್ದು ಅಲ್ಲ, ನಿಮ್ದು."

ಅವನು ಬಾಗಿಲ ಹಿಂದಿನಿಂದ ಗೋಣಿಚೀಲದಲ್ಲಿ ಸುತ್ತಿದ ನಾಲ್ಕಡಿ ಕಬ್ಬಿಣದ ಚಾವಿ ತಂದು, ಕೂಸನ್ನು ಒಪ್ಪಿಸುವ ಹಾಗೆ ಎರಡೂ ಕೈಯಿಂದ ಕೊಟ್ಟ. ಸಂಡೂರಿನ ಗ್ಯಾರೇಜಿನಲ್ಲಿ ಅದಿರು ಲಾರಿಯ ಹಳೆಯ ಆಕ್ಸಲ್‌ನಿಂದ ಮಾಡಿಸಿದ್ದು ಎಂದು ತಾನಾಗಿಯೇ ಹೇಳಿದ. ತುದಿಯಲ್ಲಿ ಬೆಳ್ಳಿಬಣ್ಣದ ಚಕ್ಕೆ ಅಂಟಿತ್ತು. ಹೊನ್ನೂರುಸ್ವಾಮಿ ಜಪ್ತಿ ಬರೆಯತೊಡಗಿದ.

"ಯಾಕ ತೆಗೆದ್ರಿ?"

ಉಚ್ಚೆಂಗಪ್ಪ ಪರದೆಯ ಅಂಕಿಗಳನ್ನು ನೋಡುತ್ತಲೇ ಹೇಳಿದ.

"ಸ್ವಲ್ಪ ತೆಗೆದೆ ಮೇಡಂ. ಗ್ವಾಡಿ ಒದ್ದಿ ಆಗ್ಲಿ ಅಂತ ಅಷ್ಟ. ನೀರು ಎಲ್ಲಿಂದ ಬರಾಕತ್ತೈತಿ ಅಂತ ಅವರಿಗೆ ತಿಳೀಬಾರದು, ನಕ್ಷಾ ನೋಡ್ಬೇಕು, ನಕ್ಷಾದಾಗ ಇರಬಾರದು. ಆಗ ಯಾರರ ಅಂತಾರ, ಉಚ್ಚೆಂಗಪ್ಪನ್ನ ಕೇಳ್ರಿ ಅಂತ. ಆ ಪೈಪಿನ ಮುಚ್ಚಳ ಹಿಂಗ ಸಿಮಿಟಿನಾಗ ಸಡ್ಲ ಇರತೈತಿ ಅಂತ ನನಗ ಗೊತ್ತಾಗ್ಲಿಲ್ರಿ."

"ಆಮ್ಯಾಲ?"

"ಬಂದು ಇಲ್ಲೆ ಕುಂತೆ. ಸೋಮವಾರನ ಕರೆನ್ಸಿ ಹಾಕ್ಸಿದ್ದೆ. ಬರೀ ನಂಬರ್ ಬಂದ್ರೂ ಎತ್ತಬೇಕು ಅಂತ ಕುಂತೆ. ಮಂಗಳವಾರ ಪೂರ್ತಿ ಹೋತು. ಯಾರೂ ಹಚ್ಚಲಿಲ್ಲ." ಆಮೇಲೆ ತಾನೇ ಕೇಳಿದ, "ಪಂಪಣ್ಣನ ಕಾಲು ಹೆಂಗೈತ್ರಿ?"

"ರಾಡ್ ಹಾಕ್ಯಾರ. ಆರು ತಿಂಗಳು ಬೇಕು. ಜಂಬಕ್ಕನ ಹೆಸರು ಬಂತಲ್ಲ, ಅದು ಗೊತ್ತಿತ್ತಲ್ಲ ನಿಮಗ?"

"ಹೇಳಬೇಕಂತ ಬುಧವಾರ ಹೋಗಿದ್ದೆ. ನೀವ ಬಂದ್ರಿ. ಬಾಯಿ ಬರಲಿಲ್ರಿ."

ಗಂಗೋತ್ರಿ ಪ್ರಶ್ನೆಗಳ ಪಟ್ಟಿಯಲ್ಲಿ ಇಲ್ಲದ ಒಂದು ಪ್ರಶ್ನೆ ಕೇಳಿದಳು.

"ಕದ್ದು ತೆಗಿಯಾಕ ಹೋದೋರು ಕಂಬಾ ಯಾಕ ಬಡದ್ರಿ?"

ಅವನಿಗೆ ಆ ಪ್ರಶ್ನೆಯೇ ಅರ್ಥವಾಗಲಿಲ್ಲ. ತನ್ನ ಕೈಯನ್ನು ನೋಡಿಕೊಂಡ.

"ಬಡದಿದ್ನೇನ್ರಿ? ಹೇಳ್ದ ಕೇಳ್ದ ನೀರು ಬಿಡಾಕ ಹೆಂಗ ಬರತೈತ್ರಿ ಮೇಡಂ, ಮಂದಿ ಏಳಬೇಕಲ್ಲ." ಆಮೇಲೆ ಏನೋ ನೆನಪಾಗಿ ಅವನ ಮುಖ ಬಿಚ್ಚಿಕೊಂಡಿತು. ತಪ್ಪೊಪ್ಪಿಗೆಯ ಹೊತ್ತಿನಲ್ಲಿ ಅಂಥ ಖುಷಿಯನ್ನು ಗಂಗೋತ್ರಿ ಯಾವ ಮುಖದಲ್ಲೂ ಕಂಡಿರಲಿಲ್ಲ. "ಮೂರು ಬಂದ್ವು ನೋಡ್ರಿ. ಮೂರು ಕೊಡಾ. ಮುಂದ ತಾಮ್ರದ್ದು, ಗಾಳೆಮ್ಮಕ್ಕಂದ ಯಾವಾಗ್ಲೂ ಮುಂದ. ನಾ ಗ್ವಾಡಿ ಸಂದಿನ್ಯಾಗ ನಿಂತು ನೋಡಿದೆ."

ಜೀಪು ಹತ್ತುವ ಮೊದಲು ಅವನು ಹಾಲೇಶನಿಗೆ ಹೇಳಲು ಒಂದು ಮಾತು ಹೇಳಿದ. ಆ ವಾಲ್ವು ಉಲ್ಟಾ. ಎಡಕ್ಕೆ ತಿರುವಿದರೆ ಮುಚ್ಚುತ್ತದೆ, ಹನ್ನೊಂದು ಸುತ್ತು. ಬಲಕ್ಕೆ ತಿರುವಿದಷ್ಟೂ ತೆರೆಯುತ್ತದೆ. ಗಂಗೋತ್ರಿ ದಾರಿಯಿಂದಲೇ ಫೋನ್ ಮಾಡಿ ತಿಳಿಸಿದಳು. ಆರಕ್ಕೆ ಹಾಲೇಶ್ ತಿರುಗಿ ಫೋನ್ ಮಾಡಿ, ವಾಲ್ವು ಮುಚ್ಚಿ ಕೂತಿದೆ, ಟ್ಯಾಂಕು ತುಂಬಿದ ಮೇಲೆ ಬೆಳಿಗ್ಗೆ ಲೈನು ಬಿಡುತ್ತೇವೆ ಎಂದ.

ಠಾಣೆಯಲ್ಲಿ ಬಂಧನದ ಮೆಮೊ ತುಂಬುವಾಗ ಸುದ್ದಿ ಯಾರಿಗೆ ತಿಳಿಸಬೇಕೆಂದು ಹೊನ್ನೂರುಸ್ವಾಮಿ ಕೇಳಿದ. ಹೆಂಡತಿ ತೀರಿಕೊಂಡು ಆರು ವರ್ಷವಾಗಿದೆ. ಮಗಳು ಕಂಪ್ಲಿಯಲ್ಲಿ ಅತ್ತೆಮನೆಯಲ್ಲಿದ್ದಾಳೆ, ಅವಳಿಗೆ ಬೇಡ ಎಂದ. ಯಾರಾದರೂ ಒಬ್ಬರ ಹೆಸರು ಬೇಕೇ ಬೇಕು ಎಂದಾಗ ತುಂಬ ಯೋಚಿಸಿ, "ಜಂಬಕ್ಕಗ ಹೇಳ್ರಿ" ಎಂದ.

ಗಂಗೋತ್ರಿಯೇ ಫೋನ್ ಮಾಡಿದಳು. ಎಫ್‌ಐಆರಿನಲ್ಲಿ ನಿಮ್ಮ ಹೆಸರಿಲ್ಲ, ನಾಳೆ ಪಟ್ಟಿಯಲ್ಲಿ ನಿಮ್ಮ ಜಾಗ ನಿಮಗಿದೆ ಎಂದು ಮೊದಲು ಹೇಳಿ, ಆಮೇಲೆ ಉಳಿದದ್ದು ಹೇಳಿದಳು. ಆ ಕಡೆ ಬಾಣಲೆ ಚರಚರ ಅನ್ನುತ್ತಿತ್ತು.

"ಉಂಡಾನೇನು?" ಎಂದಳು ಜಂಬಕ್ಕ.

6 ಗಂಟೆ 50. ಚಾವಿಗೆ ಚೀಟಿ ಕಟ್ಟಿಯಾಗಿತ್ತು. ಫೋನನ್ನು ಕವರಿಗೆ ಹಾಕಿ ಅರಗಿನ ಮುದ್ರೆ ಒತ್ತಲು ಹೊನ್ನೂರುಸ್ವಾಮಿ ಮೇಣದಬತ್ತಿ ಹಚ್ಚಿದ. ಆಗ ಮೇಜಿನ ಮೇಲೆ ಫೋನು ಬೆಳಗಿ ಬಡಿದುಕೊಳ್ಳತೊಡಗಿತು. ಪರದೆಯ ಮೇಲೆ 'ಮೂರುನಳ ಗಾಳೆಮ್ಮಕ್ಕ' ಎಂದು ಬರುತ್ತಿತ್ತು.

ಒಳಗೆ ಲಾಕಪ್ಪಿನಲ್ಲಿ ಗೋಡೆಗೆ ಒರಗಿ ಕುಳಿತಿದ್ದವನು ಎದ್ದು ಬಂದು ಸರಳು ಹಿಡಿದ. ಹೊನ್ನೂರುಸ್ವಾಮಿ ಮೇಡಂ ಮುಖ ನೋಡಿದ. ಜಪ್ತಿಯಾದ ಮಾಲು, ಎತ್ತುವಂತಿಲ್ಲ. ಫೋನು ಮೇಜಿನ ಅಂಚಿನವರೆಗೆ ತಾನೇ ಸರಿದು ಸರಿದು ಬಂದು ನಿಂತಿತು. ಮತ್ತೊಮ್ಮೆ ಬಡಿಯಿತು.

"ನೀರು ಕೇಳಾಕ ಹಚ್ಚ್ಯಾರ್ರಿ ಮೇಡಂ," ಎಂದ ಉಚ್ಚೆಂಗಪ್ಪ. ಧ್ವನಿ ಏರಿಸಲಿಲ್ಲ. "ನಾಳಿ ಐದೂವರಿಗೆ ಬರತೈತಿ ಅಂತ ಹೇಳ್ರಿ. ಮೊದಲ ಎರಡು ಕೊಡಾ ಕೆಂಪ ಬರತಾವ, ಚೆಲ್ಲಂತ ಹೇಳ್ರಿ."

ಗಂಗೋತ್ರಿ ತನ್ನ ಫೋನು ಹಿಡಿದು ವರಾಂಡಕ್ಕೆ ಹೋದಳು. ಗಾಳೆಮ್ಮನ ನಂಬರನ್ನು ಒತ್ತಿ, ಅವನು ಹೇಳಿದ್ದನ್ನು ಒಂದು ಅಕ್ಷರ ಬಿಡದೆ ಹೇಳಿದಳು.

"ಯಾರು ಹೇಳಿದ್ರು ಯವ್ವಾ?"

"ಉಚ್ಚೆಂಗಪ್ಪ ಹೇಳಿದ್ರು."

ಆ ಕಡೆ ಗಾಳೆಮ್ಮ ಕೊಡ ಎತ್ತಿಟ್ಟ ಸಪ್ಪಳ ಕೇಳಿತು.

"ಹಂಗಾದ್ರ ಬರತೈತಿ ಬಿಡು," ಎಂದಳು.

ಒಳಗೆ ಬಂದು ಗಂಗೋತ್ರಿ ಕೇಸ್ ಡೈರಿ ತೆರೆದಳು. ಕೃತ್ಯದ ಉದ್ದೇಶ ಎಂಬಲ್ಲಿ ದ್ವೇಷ ಎಂದು ಬರೆದು ಹೊಡೆದುಹಾಕಿದಳು. ಅದರ ಕೆಳಗೆ, ಆರೋಪಿಯ ಫೋನಿಗೆ ಆಗಸ್ಟ್ 17ರ ನಂತರ ಓಣಿಯಿಂದ ಬಂದ ಮೊದಲನೆಯ ಕರೆ, ಸಂಜೆ 6 ಗಂಟೆ 52 ನಿಮಿಷ, ಸ್ವೀಕರಿಸಿಲ್ಲ ಎಂದು ಬರೆದಳು.